ಮಂಡಿ ನೋವಿನ ಅಮ್ಮನ ಜೊತೆ ಶಿವಗಂಗೆ ಬೆಟ್ಟ

ಹೋದ ಬುಧವಾರ ಅಮ್ಮನನ್ನು ಶಿವಗಂಗೆ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಬಂದೆ. ಅಮ್ಮನಿಗೆ 66 ವರ್ಷ. ಎರಡೂ ಮಂಡಿ ಸವೆದಿವೆ, ಬಲಗಡೆಯದು ಜಾಸ್ತಿ. ನೆಲದ ಮೇಲೆ ಕೂತು ಆರು ವರ್ಷವೇ ಆಯಿತು. ಇಂಥವರನ್ನು ಕರೆದುಕೊಂಡು ಹೋದವರು ಯಾರಾದರೂ ಬರೆದಿದ್ದಾರಾ ಎಂದು ಮೊದಲೇ ತುಂಬ ಹುಡುಕಿದ್ದೆ. ಸಿಕ್ಕಿದ್ದೆಲ್ಲ ಒಂದೂವರೆ ಗಂಟೆಯಲ್ಲಿ ತುದಿ ಮುಟ್ಟಿ ಫೋಟೋ ತೆಗೆಸಿಕೊಂಡ ಹುಡುಗರ ಬರಹ. ಎಲ್ಲಿ ಕೂರಬಹುದು, ಎಲ್ಲಿಂದ ವಾಪಸ್ ಬರೋದು ಒಳ್ಳೇದು ಅಂತ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ವಯಸ್ಸಾದವರು "ಒಂದು ಸಲ ಹತ್ತಿ ಬರ್ತೀನಿ" ಅಂತ ಹಟ ಹಿಡಿದಿದ್ದರೆ ಇದನ್ನು ಪೂರ್ತಿ ಓದಿ.

ಅಮ್ಮ ಹಟ ಹಿಡಿದದ್ದು ದೀಪಾವಳಿ ಹೊತ್ತಿಗೆ. "ಒಳಕಲ್ಲಿಗೆ ಒಂದು ಸಲ ಕೈ ಹಾಕಿ ಬರಬೇಕು ಕಣೇ" ಅಂದಳು. ಬೆಟ್ಟದ ಅರ್ಧದಲ್ಲಿ ಒಳಕಲ್ಲು ತೀರ್ಥ ಅಂತ ಇದೆ. ಬಂಡೆಯಲ್ಲಿ ಒರಳುಕಲ್ಲಿನ ಗುಳಿಯ ಹಾಗೆ ಒಂದು ತೂತು. ಅದರೊಳಗೆ ಕೈ ಇಳಿಬಿಟ್ಟಾಗ ನೀರು ತಾಗಿದರೆ ಅಂದುಕೊಂಡದ್ದು ನೆರವೇರುತ್ತದೆ ಎಂಬ ನಂಬಿಕೆ. ಅಮ್ಮ 1984ರಲ್ಲಿ ಒಮ್ಮೆ ನಮ್ಮಜ್ಜಿಯ ಜೊತೆ, ಅಂದರೆ ಅವಳ ಅತ್ತೆಯ ಜೊತೆ, ಹತ್ತಿದ್ದಳಂತೆ. ಆಗ ಏನಾಯಿತು ಅಂತ ಕೇಳಿದರೆ ಹೇಳಲಿಲ್ಲ. ಸುಮ್ನೆ ಮಾತು ತಿರುಗಿಸಿದಳು.

ಮೊದಲು ಮೂಳೆ ಡಾಕ್ಟರ ಹತ್ತಿರ ಹೋದೆವು. ಅವರು ಬೇಡ ಅನ್ನುತ್ತಾರೆ, ನಾನು ತಪ್ಪಿಸಿಕೊಳ್ಳಬಹುದು ಅಂದುಕೊಂಡಿದ್ದೆ. ಅವರು ಬೇಡ ಅನ್ನಲಿಲ್ಲ. ಹತ್ತುವಾಗ ಉಸಿರಿಗೆ ಕಷ್ಟ, ಇಳಿಯುವಾಗ ಮಂಡಿಗೆ ಕಷ್ಟ, ಇಳಿಯೋದಕ್ಕೆ ಶಕ್ತಿ ಉಳಿಸಿಕೊಂಡು ಹತ್ತಿ ಅಂದರು. ಇನ್ನೊಂದು ಮಾತು ಹೇಳಿದರು. ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು ಮೇಲಿಡಬೇಕು, ಇಳಿಯುವಾಗ ನೋವಿರುವ ಕಾಲು ಮೊದಲು ಕೆಳಗಿಡಬೇಕು. ಆಗ ಎರಡು ಸಲವೂ ದೇಹದ ಭಾರ ಹೊರುವುದು ಗಟ್ಟಿ ಕಾಲೇ. ಈ ಒಂದು ಮಾತು ನಮ್ಮನ್ನು ಆವತ್ತು ಕಾಪಾಡಿತು. ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿ. ಒಂದು ತಿಂಗಳು ದಿನಾ ಬೆಳಗ್ಗೆ ರಾಮಾಂಜನೇಯ ಗುಡ್ಡದ ಮೆಟ್ಟಿಲ ಮೇಲೆ ಇದನ್ನೇ ಅಭ್ಯಾಸ ಮಾಡಿದೆವು. ಮೊದಲ ವಾರ ಅಮ್ಮ ಬಾಯಲ್ಲಿ "ಎಡ, ಎಡ" ಅಂತ ಹೇಳಿಕೊಂಡೇ ಹತ್ತುತ್ತಿದ್ದಳು. ಆಮೇಲೆ ಕಾಲಿಗೇ ಗೊತ್ತಾಗಿಬಿಟ್ಟಿತು.

ದಿನ ಆರಿಸುವಾಗ ಸ್ವಲ್ಪ ಯೋಚನೆ ಮಾಡಿ. ಕಾರ್ತಿಕ ಸೋಮವಾರಗಳಲ್ಲಿ, ಶನಿವಾರ ಭಾನುವಾರಗಳಲ್ಲಿ ಮೆಟ್ಟಿಲ ಮೇಲೆ ನಿಲ್ಲೋಕೂ ಜಾಗ ಇರುವುದಿಲ್ಲ. ಸಂಕ್ರಾಂತಿಯಂತೂ ಬೇಡವೇ ಬೇಡ. ಆ ದಿನ ಬೆಳಗಿನ ಜಾವ ತುದಿಯ ತೀರ್ಥಕಂಬದ ಹತ್ತಿರ ಗಂಗೆ ಉಕ್ಕುತ್ತಾಳೆ ಅಂತ ನಂಬಿಕೆ. ಆ ನೀರು ತಂದು ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಮದುವೆ ಮಾಡುತ್ತಾರೆ. ಜನ ಸಾಗರದ ಹಾಗೆ ಬರುತ್ತಾರೆ. ನಾವು ಅದಕ್ಕೆ ಒಂದು ವಾರ ಮುಂಚೆ, ವಾರದ ನಡುವೆ ಹೋದೆವು. ಬೇಸಿಗೆಯಲ್ಲಿ ಆ ಬಂಡೆ ಕಾದ ಹೆಂಚು. ನಂಬಿಕೊಂಡು ಹೋಗಲು ಚಳಿಗಾಲವೇ ಸರಿ.

ಬೆಳಗ್ಗೆ ಐದೂಕಾಲಿಗೆ ಮನೆ ಬಿಟ್ಟೆವು. ಮೆಜೆಸ್ಟಿಕ್‌ನಲ್ಲಿ ತುಮಕೂರಿನ ಸಾಮಾನ್ಯ ಬಸ್ಸು ಹತ್ತಿದೆವು. ಮೊದಲ ಎಡವಟ್ಟು ಅಲ್ಲೇ ಆಯಿತು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ನಿಮಗೆ ಗೊತ್ತಿರುತ್ತದೆ. ನಾನು ಆಧಾರ್ ತೋರಿಸಿದೆ, ಶೂನ್ಯ ಟಿಕೆಟ್ ಬಂತು. ಅಮ್ಮ ಪರ್ಸಿನಿಂದ ತೆಗೆದದ್ದು ಬಣ್ಣದ ಜೆರಾಕ್ಸ್, ಲ್ಯಾಮಿನೇಷನ್ ಮಾಡಿಸಿದ್ದು. ಅಸಲಿ ಕಾರ್ಡು ಬೀರುವಿನಲ್ಲಿ ಭದ್ರವಾಗಿದೆ! "ಒರಿಜಿನಲ್ ಇಲ್ದೆ ಆಗಲ್ಲಮ್ಮ, ಚೆಕಿಂಗ್ ಬಂದ್ರೆ ನನ್ಗೆ ಕಷ್ಟ" ಅಂದರು ಕಂಡಕ್ಟರ್. ಟಿಕೆಟ್ ತಗೊಂಡೆವು. ದುಡ್ಡು ದೊಡ್ಡದಲ್ಲ, ಆದರೆ ಅಮ್ಮ ನೆಲಮಂಗಲ ದಾಟುವವರೆಗೂ ಅದನ್ನೇ ಹೇಳಿಕೊಂಡು ಬೇಜಾರು ಮಾಡಿಕೊಂಡಳು. ಹಿಂದಿನ ರಾತ್ರಿಯೇ ಅಸಲಿ ಕಾರ್ಡು ಪರ್ಸಿಗೆ ಹಾಕಿಡಿ.

ನೆಲಮಂಗಲ ದಾಟಿದ ಮೇಲೆ ಮಂಜು ಜೋರಾಯಿತು. ಡ್ರೈವರ್ ಮುಂದಿನ ಲಾರಿಯ ಕೆಂಪು ದೀಪ ನೋಡಿಕೊಂಡೇ ಹೋಗುತ್ತಿದ್ದರು. ಡಾಬಸ್‌ಪೇಟೆ ಮುಟ್ಟಿದಾಗ ಏಳೂವರೆ. ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್. ಅಲ್ಲಿಂದ ಎಡಕ್ಕೆ ಏಳೆಂಟು ಕಿಲೋಮೀಟರ್ ಹೋದರೆ ಶಿವಗಂಗೆ. ಊರಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆವು. ಬರಲಿಲ್ಲ. ಚಳಿಗೆ ಅಮ್ಮನ ಮಂಡಿ ಬಿಗಿಯಾಗತೊಡಗಿತು. ಕೊನೆಗೆ 250 ರೂಪಾಯಿಗೆ ಒಂದು ಆಟೋ ಮಾತಾಡಿದೆ. ಮಂಡಿ ನೋವಿನವರಿದ್ದರೆ ಮೊದಲೇ ಆಟೋ ಹಿಡಿದುಬಿಡಿ. ಕಾದು ಕಾದು ಬಿಗಿಯಾದ ಕಾಲಿನಲ್ಲಿ ಹತ್ತಲು ಶುರುಮಾಡೋದು ಬೇಡ. ಆಟೋದವರ ನಂಬರ್ ತಗೊಂಡು ಇಟ್ಟುಕೊಂಡೆ. ಸಂಜೆ ಅದು ದೊಡ್ಡ ಉಪಕಾರಕ್ಕೆ ಬಂತು.

ದಾರಿಯಲ್ಲಿ ಮಂಜಿನ ಮೇಲೆ ಬೆಟ್ಟದ ತಲೆ ಮಾತ್ರ ಕಾಣಿಸಿತು. ಒಂದೊಂದು ದಿಕ್ಕಿನಿಂದ ಒಂದೊಂದು ಹಾಗೆ ಕಾಣುವ ಬೆಟ್ಟ ಇದು. ಒಂದು ಕಡೆಯಿಂದ ಬಸವ, ಒಂದು ಕಡೆಯಿಂದ ಗಣಪತಿ, ಒಂದು ಕಡೆಯಿಂದ ಹಾವು, ಇನ್ನೊಂದು ಕಡೆಯಿಂದ ಲಿಂಗ ಅನ್ನುತ್ತಾರೆ. ಅಮ್ಮ ಆಟೋದಿಂದ ಬಗ್ಗಿ ನೋಡಿ ಕೈ ಮುಗಿದಳು. ಅವಳಿಗೆ ಲಿಂಗವೇ ಕಂಡಿತಂತೆ.

ಹತ್ತಲು ಶುರುಮಾಡಿದಾಗ ಎಂಟೂಮುಕ್ಕಾಲು. ಮೊದಲ ಹಂತ ಗಂಗಾಧರೇಶ್ವರನ ಗುಡಿಯವರೆಗೆ. ಇಲ್ಲಿ ಮೆಟ್ಟಿಲು ಅಗಲವಾಗಿವೆ, ಅಕ್ಕಪಕ್ಕ ಕೂರಲು ಜಾಗ ಇದೆ. ಆದರೂ ನಮಗೆ ಅರ್ಧ ಗಂಟೆ ಮೇಲೆ ಹಿಡಿಯಿತು. ಇಪ್ಪತ್ತು ಮೆಟ್ಟಿಲು ಹತ್ತೋದು, ನಿಂತು ಐವತ್ತು ಎಣಿಸೋದು, ಮತ್ತೆ ಇಪ್ಪತ್ತು. ಹಿಂದಿನಿಂದ ಬಂದವರೆಲ್ಲ ದಾಟಿಕೊಂಡು ಹೋದರು. ಅಮ್ಮನಿಗೆ ಮುಜುಗರ, "ನೀನು ಮುಂದೆ ಹೋಗು, ನಾನು ಬರ್ತೀನಿ" ಅಂತ ನಾಲ್ಕು ಸಲ ಹೇಳಿದಳು. ಹೋಗಬೇಡಿ. ನೀವು ಮುಂದೆ ನಿಂತು ಕಾದರೆ ಅವರು ಅವಸರ ಮಾಡುತ್ತಾರೆ.

ಗುಡಿ ಬಂಡೆಯೊಳಗಿನ ಗವಿ. ಒಳಗೆ ಹೊಕ್ಕರೆ ಹೊರಗಿನ ಚಳಿ ಮರೆತುಹೋಗುತ್ತದೆ. ಎಣ್ಣೆಯ, ವಿಭೂತಿಯ ಬೆಚ್ಚನೆ ವಾಸನೆ. ಇಲ್ಲಿ ಲಿಂಗಕ್ಕೆ ತುಪ್ಪ ಹಚ್ಚಿದರೆ ಅದು ಬೆಣ್ಣೆಯಾಗುತ್ತದೆ ಎನ್ನುವುದು ಭಕ್ತರ ನಂಬಿಕೆ. ಅಮ್ಮ ಮನೆಯಲ್ಲೇ ಕಾಯಿಸಿದ ತುಪ್ಪವನ್ನು ಗಾಜಿನ ಬಾಟಲಿಯಲ್ಲಿ ತಂದಿದ್ದಳು. ಚಳಿಗೆ ಅದು ಗಟ್ಟಿಯಾಗಿ ಕೂತಿತ್ತು, ತಲೆಕೆಳಗೆ ಮಾಡಿದರೂ ಬೀಳುತ್ತಿರಲಿಲ್ಲ. ಸಾಲಿನಲ್ಲಿ ನಿಂತಷ್ಟು ಹೊತ್ತೂ ಬಾಟಲಿಯನ್ನು ಶಾಲಿನೊಳಗೆ ಎರಡು ಅಂಗೈ ನಡುವೆ ಹಿಡಿದುಕೊಂಡಿದ್ದಳು. ನಮ್ಮ ಸರದಿ ಬರುವ ಹೊತ್ತಿಗೆ ಅಂಚಿನಲ್ಲಿ ಕರಗಿ, ಒಳಗಿನ ಮುದ್ದೆ ಮೆಲ್ಲಗೆ ತಿರುಗತೊಡಗಿತ್ತು. ಚಳಿಗಾಲದಲ್ಲಿ ಹೋಗುವವರು ಅಗಲ ಬಾಯಿಯ ಡಬ್ಬಿಯಲ್ಲಿ ತಗೊಂಡು ಹೋಗಿ, ಚಮಚದಲ್ಲಿ ತೆಗೆಯಬಹುದು. ಅರ್ಚಕರು ತುಪ್ಪ ಸವರಿ, ಬೆಳ್ಳಗೆ ಬೆಣ್ಣೆಯ ಹಾಗೆ ಕಂಡದ್ದರಲ್ಲಿ ಒಂದಿಷ್ಟನ್ನು ನಮ್ಮ ಡಬ್ಬಿಗೆ ಹಾಕಿಕೊಟ್ಟರು. ಹೊನ್ನಾದೇವಿಗೆ ಕುಂಕುಮಾರ್ಚನೆ ಮಾಡಿಸಿ, ದೊನ್ನೆಯಲ್ಲಿ ಕೊಟ್ಟ ಹುಗ್ಗಿ ತಿಂದೆವು. ಧನುರ್ಮಾಸದ ಹುಗ್ಗಿ, ಮೆಣಸು ಜಾಸ್ತಿ ಬಿದ್ದಿತ್ತು. ಆ ಚಳಿಗೆ ಅಷ್ಟು ಹಿತವಾದದ್ದು ಬೇರೇನೂ ಇರಲಿಲ್ಲ. ಬಂಡೆಯಡಿಯಲ್ಲಿ ನೀರಿರುವ ಪಾತಾಳಗಂಗೆಯನ್ನು ಹೊರಗಿನಿಂದಲೇ ನೋಡಿ ಮುಂದೆ ಹೊರಟೆವು.

ಗುಡಿ ದಾಟಿದ ಮೇಲೆ ಮೆಟ್ಟಿಲುಗಳ ಸ್ವಭಾವವೇ ಬೇರೆ. ಬಂಡೆಯಲ್ಲೇ ಕಡಿದವು. ಒಂದು ಗೇಣೆತ್ತರ ಇದ್ದರೆ ಮುಂದಿನದು ಮೊಳದೆತ್ತರ. ಎಷ್ಟೋ ವರ್ಷಗಳಿಂದ ಕಾಲು ತುಳಿದು ತುಳಿದು ನಡುಭಾಗ ತಟ್ಟೆಯ ಹಾಗೆ ತಗ್ಗಾಗಿದೆ. ಬೆಳಗಿನ ಇಬ್ಬನಿ ಆ ತಗ್ಗಿನಲ್ಲಿ ನಿಂತಿರುತ್ತದೆ. ನುಣುಪು ಕಲ್ಲು, ಮೇಲೆ ನೀರಿನ ಪೊರೆ. ಅಲ್ಲಿ ಕಾಲಿಟ್ಟರೆ ಜಾರುತ್ತದೆ. ಎಲ್ಲರೂ ತುಳಿದ ನಡುಭಾಗ ಬಿಟ್ಟು, ಅಂಚಿನ ಒರಟು ಕಲ್ಲಿನ ಮೇಲೆ ಕಾಲಿಡಿ. ಚಪ್ಪಲಿಯನ್ನು ಗುಡಿಯ ಹತ್ತಿರ ಬಿಟ್ಟು ಬರಿಗಾಲಲ್ಲಿ ಹತ್ತುವವರೇ ಜಾಸ್ತಿ, ನಾವೂ ಹಾಗೇ ಮಾಡಿದೆವು. ಬೆಳಗ್ಗೆ ಕಲ್ಲಿನ ತಂಪು ಮೂಳೆಗೇ ಇಳಿಯುತ್ತಿತ್ತು. ದಪ್ಪ ರಬ್ಬರ್ ಅಡಿಯ ಶೂ ಇದ್ದರೆ ಗುಡಿ ದಾಟಿದ ಮೇಲೆ ಹಾಕಿಕೊಳ್ಳೋದು ವಾಸಿ ಅಂತ ಈಗ ಅನಿಸುತ್ತದೆ.

ಕೋತಿಗಳ ವಿಷಯ ಹೇಳಲೇಬೇಕು. ಅವಕ್ಕೆ ಪ್ಲಾಸ್ಟಿಕ್ ಕವರಿನ ಸದ್ದು ಚೆನ್ನಾಗಿ ಗೊತ್ತು. ಅಮ್ಮ ಅವರೆಕಾಳು ಹಾಕಿದ ಅಕ್ಕಿರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಸೊಗಡಿನ ಅವರೆ, ಅದರ ಘಮ ಅಡಗುತ್ತಾ? ಒಂದು ದೊಡ್ಡ ಗಡವ ಎದುರಿಗೆ ಬಂದು ಅಮ್ಮನ ಸೀರೆ ಸೆರಗು ಹಿಡಿದೇಬಿಟ್ಟಿತು. ಅಮ್ಮ ಹಿಂದೆ ವಾಲಿದಳು. ನನ್ನ ಎದೆ ಝಲ್ ಅಂದಿತು. ಅಲ್ಲಿ ಒಂದು ಕಡೆ ಕಂಬಿ ಇತ್ತು, ಹಿಡಿದುಕೊಂಡಳು. ಸೌತೆಕಾಯಿ ಮಾರುವ ಅಕ್ಕ ಒಬ್ಬರು ಕೋಲು ನೆಲಕ್ಕೆ ಕುಟ್ಟಿ ಓಡಿಸಿದರು. ಅಷ್ಟಾದ ಮೇಲೆ ಊಟದ ಡಬ್ಬಿ, ಎರಡೂ ಫೋನು, ದುಡ್ಡು ಎಲ್ಲವನ್ನೂ ನನ್ನ ಬೆನ್ನುಚೀಲಕ್ಕೆ ಹಾಕಿ ಜಿಪ್ ಎಳೆದೆ. ಅಮ್ಮನ ಕೈಯಲ್ಲಿ ಕೋಲು ಮಾತ್ರ. ಫೋನು ಕಿತ್ತುಕೊಂಡಿದ್ದು ನಾನು ಮಾಡಿದ ದೊಡ್ಡ ತಪ್ಪು. ಅದರ ಕಥೆ ಮುಂದೆ ಇದೆ.

ಒಳಕಲ್ಲು ತೀರ್ಥ ಮುಟ್ಟಿದಾಗ ಹನ್ನೊಂದೂಕಾಲು. ಅಷ್ಟು ಹೊತ್ತಿಗೆ ಮಂಜು ಹರಿದು ಬಿಸಿಲು ಬಿದ್ದಿತ್ತು. ಬಂಡೆಯ ಸಂದಿನಲ್ಲಿ ಚಿಕ್ಕ ಜಾಗ, ಇಪ್ಪತ್ತು ಇಪ್ಪತ್ತೈದು ಜನರ ಸಾಲು. ಸಾಲು ಮುಂದೆ ಹೋದ ಹಾಗೆ ನನಗೆ ಹೊಸ ಚಿಂತೆ ಹತ್ತಿತು. ಮುಂದಿನವರೆಲ್ಲ ಮಂಡಿಯೂರಿ, ನೆಲಕ್ಕೆ ಬಗ್ಗಿ, ತೋಳು ಪೂರ್ತಿ ಒಳಗೆ ಬಿಡುತ್ತಿದ್ದರು. ಒಂದು ತಿಂಗಳು ಮೆಟ್ಟಿಲು ಹತ್ತೋದು ಅಭ್ಯಾಸ ಮಾಡಿದ್ದೆವು. ನೆಲಕ್ಕೆ ಕೂರೋದನ್ನು ಯೋಚಿಸಿಯೇ ಇರಲಿಲ್ಲ.

ಅಮ್ಮನ ಸರದಿ ಬಂತು. ನಿಂತೇ ಬಗ್ಗಿ ನೋಡಿದಳು, ಕೈ ಕಲ್ಲಿನ ಬಾಯಿಗೂ ಎಟುಕಲಿಲ್ಲ. ಮಂಡಿ ಮಡಚಲು ಹೋದಳು, ನೋವಿಗೆ ಕಣ್ಣು ಮುಚ್ಚಿದಳು. ಹಿಂದೆ ಒಬ್ಬರು "ಅಜ್ಜಿ, ನಮಸ್ಕಾರ ಮಾಡ್ಕೊಂಡು ಬನ್ನಿ ಸಾಕು" ಅಂದರು. ಅಮ್ಮ ಕೇಳಲಿಲ್ಲ. "ನನ್ನ ಮಲಗಿಸು" ಅಂದಳು. ಹಿಂದೆ ನಿಂತಿದ್ದ ಇಬ್ಬರು ಹೆಣ್ಣುಮಕ್ಕಳು ಮುಂದೆ ಬಂದರು. ಒಬ್ಬರು ಕಂಕುಳಿಗೆ, ಒಬ್ಬರು ಸೊಂಟಕ್ಕೆ ಕೈ ಕೊಟ್ಟರು, ನಾನು ಬಲಗಾಲು ನೀಳವಾಗಿ ಹಿಡಿದೆ. ಮೆಲ್ಲಗೆ ಮಗ್ಗುಲಾಗಿ ಮಲಗಿಸಿದೆವು. ಅಮ್ಮ ಕೆನ್ನೆಯನ್ನು ಕಲ್ಲಿಗೆ ಒತ್ತಿ ತೋಳು ಇಳಿಬಿಟ್ಟಳು. ಮೊಣಕೈ ಹೋಯಿತು, ರವಿಕೆಯ ತೋಳೂ ಒಳಗೆ ಹೋಯಿತು. ಬಳೆಗಳು ಕಲ್ಲಿಗೆ ತಾಗಿ ಸಣ್ಣಗೆ ಸದ್ದಾಯಿತು. ಆಮೇಲೆ ಸದ್ದು ನಿಂತಿತು. ಅವಳ ಮುಖ ನನ್ನ ಕಡೆಗೇ ಇತ್ತು. ತುಟಿ ಬಿಗಿದಿದ್ದಳು. ಇನ್ನಷ್ಟು ಭುಜ ತಳ್ಳಿದಳು. ಆಮೇಲೆ ತುಟಿ ಸಡಿಲವಾಯಿತು. "ತಾಗ್ತು" ಅಂದಳು.

ಕೈ ಹೊರಗೆ ತೆಗೆದಾಗ ಮೂರು ಬೆರಳ ತುದಿ ಒದ್ದೆ. ಆ ಬೆರಳುಗಳನ್ನು ಸೆರಗಿಗೆ ಒರೆಸಲಿಲ್ಲ. ತಾನಾಗಿ ಒಣಗುವವರೆಗೂ ಹಾಗೇ ಹಿಡಿದುಕೊಂಡಿದ್ದಳು.

ನಾನೂ ಕೈ ಹಾಕಿದೆ. ನನಗೆ ತಾಗಲಿಲ್ಲ. ಬರೀ ತಂಪು ಗಾಳಿ, ಒರಟು ಕಲ್ಲು. ನನ್ನ ಮುಖ ನೋಡಿ ಅಮ್ಮ ಪಕ್ಕಕ್ಕೆ ಕರೆದುಕೊಂಡು ಹೋಗಿ, ಎರಡು ತಿಂಗಳಿಂದ ಬಚ್ಚಿಟ್ಟದ್ದನ್ನು ಹೇಳಿದಳು. ಆವತ್ತು ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಿರಲಿಲ್ಲವಂತೆ. ಅಜ್ಜಿ ಅದಕ್ಕೇ ಕರೆದುಕೊಂಡು ಬಂದಿದ್ದು. ನೀರು ತಾಗಲಿಲ್ಲ. "ನಿಮ್ಮಜ್ಜಿ ಬೆಟ್ಟ ಇಳಿಯೋವರೆಗೂ ಒಂದು ಮಾತಾಡಲಿಲ್ಲ. ಬೈದಿದ್ರೂ ತಡ್ಕೊಳ್ತಿದ್ದೆ. ಮಾರನೇ ವರ್ಷ ನೀನು ಹುಟ್ಟಿದೆ. ನೀರು ಸಿಗಲಿಲ್ಲ ಅಂದ್ರೆ ಏನೂ ಆಗಲ್ಲ ಕಣೇ, ನೀನೇನೂ ಮನಸ್ಸಿಗೆ ಹಚ್ಕೋಬೇಡ." ನಾನು 1985ರಲ್ಲಿ ಹುಟ್ಟಿದವಳು. ಹಾಗಾದರೆ ಮತ್ತೆ ಯಾಕೆ ಬಂದೆ ಎಂದು ಕೇಳಿದೆ. "ಆ ಕಲ್ಲಿನ ಹತ್ರ ಒಂದು ಬಾಕಿ ಉಳಿದಿತ್ತು" ಅಂದಳು ಅಷ್ಟೇ.

ವಯಸ್ಸಾದವರನ್ನು ಕರೆತಂದವರಿಗೆ ಒಂದು ಮಾತು. ಒಳಕಲ್ಲೇ ನಿಮ್ಮ ಕೊನೆಯ ನಿಲ್ದಾಣವಾಗಲಿ. ಇದರ ಮೇಲಿರುವುದು ಬೇರೆಯೇ ಬೆಟ್ಟ. ಬಂಡೆಯ ಬೆನ್ನಿನ ಮೇಲೆ ಕಡಿದಾದ ಏರು, ಕೆಲವು ಕಡೆ ಎರಡೂ ಕೈಯಲ್ಲಿ ಕಂಬಿ ಹಿಡಿದು ಮೈ ಎಳೆದುಕೊಳ್ಳಬೇಕು. ಮೇಲಿಂದ ಇಳಿಯುವವರಿಗೂ ಅದೇ ಕಂಬಿ. ಮಂಡಿ ನೋವಿನವರು ಹೇಗೋ ಹತ್ತಬಹುದು. ಇಳಿಸೋದು ಹೇಗೆ?

ಅಮ್ಮನಿಗೆ ಇದು ಅರ್ಥವಾಗಿತ್ತು. "ನೀನು ತುದಿ ನೋಡ್ಕೊಂಡು ಬಾ, ನಾನು ಈ ಅಕ್ಕನ ಹತ್ರ ಕೂತಿರ್ತೀನಿ" ಅಂದಳು. ನೆರಳಿನಲ್ಲಿ ಸೌತೆಕಾಯಿ ಮಾರುತ್ತಿದ್ದ ಇನ್ನೊಬ್ಬರ ಪಕ್ಕ ಕಲ್ಲಿನ ಕಟ್ಟೆ ಇತ್ತು. ಕೂರಿಸಿ, ನೀರಿನ ಬಾಟಲಿ ಕೊಟ್ಟು, ಒಂದು ಗಂಟೆಯಲ್ಲಿ ಬರುತ್ತೇನೆ ಎಂದು ಹೊರಟೆ.

ಅರ್ಧ ಗಂಟೆಯಲ್ಲಿ ಕೋಡುಗಲ್ಲು ಬಸವಣ್ಣನ ಹತ್ತಿರ ಇದ್ದೆ. ಬಂಡೆಯ ತುದಿಯಲ್ಲೇ ಕಡಿದ ಬಸವ. ಸುತ್ತಲೂ ಬಯಲು, ಗಾಳಿ ಕಿವಿಯಲ್ಲಿ ಹೊಡೆಯುತ್ತದೆ. ಅವನ ಪಾದದವರೆಗೆ ಹೋಗುವ ಮೆಟ್ಟಿಲು ತೀರ ಕಿರಿದು. ಒಬ್ಬರು ಇಳಿದ ಮೇಲೆ ಒಬ್ಬರು ಹತ್ತಬೇಕು. ಅಲ್ಲಿ ಯಾರೂ ಅವಸರ ಮಾಡಬಾರದು, ಫೋನ್ ತೆಗೆಯಬಾರದು. ಇನ್ನೂ ಸ್ವಲ್ಪ ಏರಿದರೆ ತುದಿ. ಅಲ್ಲೇ ಶಾಂತಲೆ ಬಿದ್ದ ಜಾಗ ಎಂದು ತೋರಿಸುವ ಬಂಡೆ.

ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಬೆಟ್ಟದಿಂದ ಹಾರಿದಳು ಎನ್ನುವುದು ಶಾಸನದ ಮಾತಲ್ಲ, ಜನರ ಬಾಯಲ್ಲಿ ಬಂದ ಕಥೆ. ಅದೇ ಶಾಸನದಲ್ಲಿ ಇನ್ನೊಂದು ಸಂಗತಿ ಇದೆ. ಮಗಳು ಹೋದಳೆಂದು ಕೇಳಿ ತಾಯಿ ಮಾಚಿಕಬ್ಬೆ, ಇನ್ನು ನಾನು ಇರಲಾರೆ ಎಂದು ಬೆಳಗೊಳಕ್ಕೆ ಬಂದು ಸಲ್ಲೇಖನ, ಅಂದರೆ ಜೈನರು ಅನ್ನ ನೀರು ಬಿಟ್ಟು ಸಾವನ್ನು ಕಾಯುವ ವ್ರತ, ಹಿಡಿದು ಪ್ರಾಣ ಬಿಟ್ಟಳು. ಕಾಲೇಜಿನಲ್ಲಿ ಓದುವಾಗ ಇದನ್ನು ದಾಟಿಕೊಂಡು ಹೋಗಿದ್ದೆ. ಆವತ್ತು ಆ ಬಂಡೆಯ ಅಂಚಿನಿಂದ ಹತ್ತು ಹೆಜ್ಜೆ ದೂರ ನಿಂತಾಗ ನೆನಪಾಗಿದ್ದು ರಾಣಿಯಲ್ಲ, ಅವಳ ತಾಯಿ. ಅಲ್ಲಿ ನಿಲ್ಲಲು ಆಗಲಿಲ್ಲ. ಹತ್ತು ನಿಮಿಷವೂ ಕೂರದೆ ಇಳಿಯತೊಡಗಿದೆ.

ಒಳಕಲ್ಲಿನ ಹತ್ತಿರ ಬಂದಾಗ ಒಂದೂ ನಲವತ್ತು. ಕಟ್ಟೆಯ ಮೇಲೆ ಅಮ್ಮ ಇಲ್ಲ. ಸೌತೆಕಾಯಿ ಅಕ್ಕನೂ ಇಲ್ಲ, ಬುಟ್ಟಿಯೂ ಇಲ್ಲ.

ಫೋನ್ ಮಾಡೋಣವೆಂದರೆ ಅಮ್ಮನ ಫೋನು ನನ್ನ ಬೆನ್ನ ಮೇಲೆ. ಮೊದಲು ತೀರ್ಥದ ಒಳಗೆ ನೋಡಿದೆ, ಸಾಲಿನಲ್ಲಿದ್ದವರನ್ನೆಲ್ಲ ಕೇಳಿದೆ. ಹಸಿರು ಸೀರೆ, ಬೂದು ಶಾಲು, ಕೋಲು. ಯಾರೂ ನೋಡಿರಲಿಲ್ಲ, ಅವರೆಲ್ಲ ಆಗಷ್ಟೇ ಬಂದವರು. ನನ್ನ ಹಿಂದೆಯೇ ಮೇಲೆ ಹತ್ತಿದಳಾ ಅಂತ ಮತ್ತೆ ಐವತ್ತು ಮೆಟ್ಟಿಲು ಮೇಲೆ ಓಡಿದೆ. ಕಂಬಿಯಾಚೆ ಕೆಳಗೆ ನೋಡಲು ಧೈರ್ಯ ಬರಲಿಲ್ಲ. ಕೈ ನಡುಗುತ್ತಿತ್ತು. ಆಮೇಲೆ ಕೆಳಗೆ ಓಡಿದೆ. ಬೆಳಗ್ಗೆ ಅಮ್ಮನಿಗೆ ಹೇಳಿಕೊಟ್ಟದ್ದನ್ನೆಲ್ಲ ನಾನೇ ಮರೆತು ಮೆಟ್ಟಿಲಿನ ನಡುಭಾಗಕ್ಕೇ ಕಾಲಿಟ್ಟು ಜಾರಿಬಿದ್ದೆ. ಬಲ ಮೊಣಕೈ ತರಚಿ ರಕ್ತ ಬಂತು. ಅದು ಉರಿಯುತ್ತಿದೆ ಅಂತ ಗೊತ್ತಾಗಿದ್ದು ಎಷ್ಟೋ ಹೊತ್ತಿನ ಮೇಲೆ.

ಅಮ್ಮ ಸಿಕ್ಕಿದ್ದು ಗಂಗಾಧರೇಶ್ವರನ ಗುಡಿಯ ಜಗಲಿಯಲ್ಲಿ. ಕಂಬಕ್ಕೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಅದೇ ಸೌತೆಕಾಯಿ ಅಕ್ಕ. ಆದದ್ದು ಇಷ್ಟು. ನೆರಳು ಸರಿದು ಕಟ್ಟೆಯ ಮೇಲೆ ಬಿಸಿಲು ಬಂದಿದೆ, ಕಲ್ಲು ಕಾಯತೊಡಗಿದೆ. ಆ ಅಕ್ಕನ ಬುಟ್ಟಿ ಖಾಲಿಯಾಗಿದೆ, ಅವರು ಕೆಳಗೆ ಹೊರಟಿದ್ದಾರೆ. ಇಳಿಯಲು ತನಗೆ ಹೇಗೂ ಜಾಸ್ತಿ ಹೊತ್ತು ಬೇಕು, ಮಗಳು ಬಂದು ಕಾಯೋದು ಬೇಡ ಅಂತ ಅಮ್ಮ ಅವರ ಕೈ ಹಿಡಿದು ಹೊರಟಿದ್ದಾಳೆ. ಪಕ್ಕದ ಮಜ್ಜಿಗೆ ಹುಡುಗನಿಗೆ "ನನ್ನ ಮಗಳು ಬಂದ್ರೆ ಹೇಳಪ್ಪ" ಅಂದಿದ್ದಾಳೆ. ಆ ಹುಡುಗ ಅಷ್ಟರಲ್ಲಿ ಬೇರೆ ಕಡೆ ಹೋಗಿದ್ದಾನೆ. ಯಾರದೂ ತಪ್ಪಿಲ್ಲ. ಫೋನು ಅವಳ ಹತ್ತಿರ ಬಿಟ್ಟಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ದಯವಿಟ್ಟು ಇದನ್ನು ಮಾತ್ರ ನೆನಪಿಡಿ. ಕೋತಿಗೆ ಹೆದರಿ ವಯಸ್ಸಾದವರ ಫೋನು ಕಿತ್ತುಕೊಳ್ಳಬೇಡಿ. ಸೊಂಟದ ಚೀಲಕ್ಕೋ ರವಿಕೆಯೊಳಗಿನ ಪರ್ಸಿಗೋ ಹಾಕಿ ಕೊಡಿ. ಒಂದು ಚೀಟಿಯಲ್ಲಿ ನಿಮ್ಮ ನಂಬರ್ ಬರೆದೂ ಕೊಡಿ.

ನಾನು ಅಮ್ಮನನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅವಳು ನನ್ನ ಮೊಣಕೈ ನೋಡಿ ಬೈಯತೊಡಗಿದಳು. ಆ ಅಕ್ಕನಿಗೆ 100 ರೂಪಾಯಿ ಕೊಡಲು ಹೋದೆ, ತಗೊಳ್ಳಲಿಲ್ಲ. "ನಮ್ಮವ್ವನೂ ಹಿಂಗೇ ಅವ್ರೆ" ಅಂದರು. ಅಕ್ಕಿರೊಟ್ಟಿಯನ್ನು ಮೂವರೂ ಹಂಚಿಕೊಂಡು ತಿಂದೆವು, ಬೆನ್ನು ಗೋಡೆಗೆ ಮಾಡಿಕೊಂಡು, ಕೋಲು ಪಕ್ಕದಲ್ಲಿಟ್ಟುಕೊಂಡು.

ಗುಡಿಯಿಂದ ಕೆಳಗಿನವರೆಗಿನ ಇಳಿತ ಸುಲಭ ಅಂದುಕೊಂಡಿದ್ದೆ. ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಕೂತು ಎದ್ದ ಮೇಲೆ ಅಮ್ಮನ ಬಲ ಮಂಡಿ ಬಾಗಲೇ ಇಲ್ಲ. ಅಡ್ಡ ನಿಂತು, ಕೋಲು ಮೊದಲು, ಬಲಗಾಲು ಆಮೇಲೆ, ಎಡಗಾಲು ಕೊನೆಗೆ. ನಾನು ಒಂದು ಮೆಟ್ಟಿಲು ಕೆಳಗೆ ಅವಳಿಗೆ ಮುಖ ಮಾಡಿ ನಿಂತು ಇಳಿಸಿದೆ. ಮೇಲಿಂದ ಹಿಡಿದುಕೊಳ್ಳಬೇಡಿ, ಜಾರಿದರೆ ಇಬ್ಬರೂ ಬೀಳುತ್ತೀರಿ. ಬೆಳಗ್ಗೆ ಅರ್ಧ ಗಂಟೆಯಲ್ಲಿ ಹತ್ತಿದ್ದಕ್ಕೆ ಈಗ ಒಂದು ಗಂಟೆ ಹತ್ತು ನಿಮಿಷ. ಒಂದು ಕಡೆ ನಿಂತು ಅಮ್ಮ "ಗವಿಪುರಕ್ಕೆ ಸುರಂಗ ಇದೆ ಅಂತಾರಲ್ಲ, ಎಲ್ಲಿದೆಯೋ" ಅಂದಳು. ಗವಿಪುರ ಅಂದರೆ ಬೆಂಗಳೂರಿನಲ್ಲಿ ನಮ್ಮ ಮನೆಯ ಹತ್ತಿರದ ಬಡಾವಣೆ. ಅವಳಿಗೆ ಅಷ್ಟು ಸುಸ್ತಾಗಿತ್ತು.

ಕೆಳಗೆ ಮುಟ್ಟಿ ಬೆಳಗಿನ ಆಟೋದವರಿಗೆ ಫೋನ್ ಮಾಡಿದೆ. ಕಾಲು ಗಂಟೆಯಲ್ಲಿ ಬಂದರು. ಅದೇ 250. ಡಾಬಸ್‌ಪೇಟೆಯಲ್ಲಿ ಸಂಜೆ ಬೆಂಗಳೂರಿನ ಬಸ್ಸುಗಳೆಲ್ಲ ತುಂಬಿ ಬರುತ್ತವೆ, ಎರಡು ಬಿಟ್ಟು ಮೂರನೆಯದರಲ್ಲಿ ಸೀಟು ಸಿಕ್ಕಿತು. ಅಮ್ಮನ ಎರಡು ಟಿಕೆಟ್, ಎರಡು ಆಟೋ, ಪೂಜೆ, ಸೌತೆಕಾಯಿ, ಮಜ್ಜಿಗೆ, ಮೆಜೆಸ್ಟಿಕ್‌ನಿಂದ ಮನೆಗೆ ಆಟೋ, ಎಲ್ಲ ಸೇರಿ 1,200 ರೂಪಾಯಿ ಒಳಗೇ ಆಯಿತು. ಅದಕ್ಕೆ ಮುಂಚೆ ಡಾಕ್ಟರಿಗೆ, ಮಂಡಿಗೆ ಬಿಗಿಯುವ ನೀ ಕ್ಯಾಪಿಗೆ ಕೊಟ್ಟದ್ದು ಬೇರೆ. ಒಂದೇ ನೀ ಕ್ಯಾಪ್ ಸಾಲದು, ಎರಡು ಮಂಡಿಗೂ ಹಾಕಿಸಿ. ಬಿಪಿ ಮಾತ್ರೆ ಬೆಳಗ್ಗೆ ತಿಂಡಿಯ ಜೊತೆ ಮರೆಯದೆ ಕೊಡಿ. ಗಡಿಬಿಡಿಯಲ್ಲಿ ನಾವು ನೆಲಮಂಗಲದಲ್ಲಿ ನೆನಪಿಸಿಕೊಂಡೆವು.

ಗುರುವಾರ, ಶುಕ್ರವಾರ ಅಮ್ಮ ಹಾಸಿಗೆಯಿಂದ ಏಳಲು ಒದ್ದಾಡಿದಳು. ಮಂಡಿ ಊದಿತ್ತು. ಟವೆಲ್ಲಿನಲ್ಲಿ ಐಸ್ ಸುತ್ತಿ ಇಟ್ಟೆವು, ಡಾಕ್ಟರಿಗೆ ಫೋನ್ ಮಾಡಿ ಹೇಳಿದೆವು. ಶನಿವಾರ ಊತ ಇಳಿಯಿತು. ನಿಮ್ಮ ಮನೆಯಲ್ಲಿ ಹೀಗಾದರೆ ಗಾಬರಿ ಬೇಡ, ಆದರೆ ಮೂರು ದಿನವಾದರೂ ಕಡಿಮೆಯಾಗದಿದ್ದರೆ ತೋರಿಸಿ.

ಗಂಗಾಧರೇಶ್ವರನ ಬೆಣ್ಣೆ ಫ್ರಿಜ್ಜಿನಲ್ಲಿದೆ. ಅದು ಔಷಧಿ ಅಂತ ಅಮ್ಮ ಹೇಳುತ್ತಾಳೆ. ಮಂಡಿಗೆ ಹಚ್ಚಿಕೋ ಅಂದೆ. ಇವತ್ತು ಬೆಳಗ್ಗೆ ಡಬ್ಬಿ ತೆಗೆದು, ಬೆರಳ ತುದಿಯಲ್ಲಿ ಒಂದಿಷ್ಟು ತಗೊಂಡು, ನನ್ನ ಮೊಣಕೈಗೆ ಹಚ್ಚಿದಳು.